ದ್ರಾಕ್ಷಾಯಿಣಕ್ಕನ ನಾಲ್ಕನೆಯ ಪೆನ್ನು

ಕೊಪ್ಪಳ ಜಿಲ್ಲೆಯ ಇತಿಹಾಸವನ್ನು ಸರಿಯಾಗಿ ಬರೆಯುವವರು ಯಾರಾದರೂ ಹುಟ್ಟಿ ಬಂದರೆ, ಕೋಟೆ ಕಟ್ಟಿದವರಿಗೆ ಒಂದು ಪುಟ, ಕೆಡವಿದವರಿಗೆ ಒಂದು ಪುಟ ಕೊಟ್ಟು, ಕಿನ್ನಾಳದ ದ್ರಾಕ್ಷಾಯಿಣಕ್ಕನ ನಾಲಿಗೆಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಆ ನಾಲಿಗೆ ಎರಡು ತಿಂಗಳಲ್ಲಿ ಮೂರು ಪೆನ್ನುಗಳನ್ನು ಬಲಿ ತೆಗೆದುಕೊಂಡಿದೆ. ಶಾಯಿಯ ಪೆನ್ನಲ್ಲ, ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಚಿತ್ರ ಬರೆಯುವ, ಹೊಟ್ಟೆಯಲ್ಲಿ ಬ್ಯಾಟರಿ ಇರುವ, ಡಬ್ಬಿಯೊಳಗೆ ಬಾಣಂತಿಯ ಕೂಸಿನಂತೆ ಮಲಗಿ ಬರುವ ಪೆನ್ನು. ಮೊದಲನೆಯದು ಹದಿನೇಳು ದಿನ ಹೋರಾಡಿತು. ಎರಡನೆಯದು ಇಪ್ಪತ್ತೊಂದು ದಿನ ಬಾಳಿ ವೀರಮರಣವನ್ನಪ್ಪಿತು. ಮೂರನೆಯದು ಹೇಡಿ, ಒಂಬತ್ತನೆಯ ದಿನವೇ ಶರಣಾಯಿತು.

ಕಾರಣ ದೊಡ್ಡದೇನಲ್ಲ. ಐವತ್ತೊಂದು ವರ್ಷದ ದ್ರಾಕ್ಷಾಯಿಣಕ್ಕ ಹತ್ತನೆಯ ವಯಸ್ಸಿನಿಂದ ಕಿನ್ನಾಳದ ಕಟ್ಟಿಗೆ ಗೊಂಬೆಗಳಿಗೆ ಬಣ್ಣ ಹಚ್ಚಿದಾಕೆ. ಒಂದು ಗೆರೆ ಎಳೆಯುವುದು, ಕುಂಚವನ್ನು ಬಾಯಿಗೊಯ್ದು ನಾಲಿಗೆಯಿಂದ ತುದಿ ಚೂಪು ಮಾಡುವುದು, ಮುಂದಿನ ಗೆರೆ ಎಳೆಯುವುದು. ಕುಂಚ ಹೋಗಿ ಪೆನ್ನು ಬಂದರೂ ಕೈ ತನ್ನ ದಾರಿ ಬಿಡಲಿಲ್ಲ, ಎಂಜಲು ಒಳಗಿಳಿದು ಪೆನ್ನು ಸತ್ತಿತು. ಹೀಗೆ ಬಾಯಿಗೆ ಹೋಗಿ ಬರುವ ಎರಡು ಕ್ಷಣದಲ್ಲೇ ಆಕೆಗೆ ಮುಂದಿನ ಚುಕ್ಕಿ, ಮುಂದಿನ ಬಳ್ಳಿ, ಮುಂದಿನ ಹೂವು ಹೊಳೆಯುತ್ತದೆ. ಪ್ರತಿಭೆಯ ಬೀಗದ ಕೈಯನ್ನು ದೇವರು ಕೆಲವರ ನಾಲಿಗೆಯ ತುದಿಯಲ್ಲಿ ಇಟ್ಟಿರುತ್ತಾನೆ.

ಕುಂಚ ಹೋದದ್ದು ಉಬ್ಬಸದಿಂದ. ಕಲ್ಲಿನ ಪುಡಿ, ಕಟ್ಟಿಗೆಯ ಹೊಟ್ಟು ನಲವತ್ತು ವರ್ಷ ಎದೆಗಿಳಿದಿದ್ದವು. ಡಾಕ್ಟರು, "ಇನ್ನ ಧೂಳಿನ ಕೋಲಿಯೊಳಗ ಕಾಲಿಟ್ರ ನನ್ನ ಕಡೆ ಬರಬ್ಯಾಡ್ರಿ" ಎಂದುಬಿಟ್ಟರು. ಆಕೆಯ ಕುಂಚಗಳೆಲ್ಲ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಲಲಿತಾಳ ಪಾಲಾದವು. ಒಂದು ವರ್ಷ ದ್ರಾಕ್ಷಾಯಿಣಕ್ಕ ಹೊಸ್ತಿಲಿನಾಚೆ ಕುಳಿತು, ಲಲಿತಾ ನವಿಲಿನ ಕೊರಳಿಗೆ ಹಚ್ಚುವ ನೀಲಿಯನ್ನು ನೋಡಿ ಹಲ್ಲು ಕಡಿದಳು. ಧೂಳಿಗಿಂತ ಆ ನೀಲಿಯೇ ಹೆಚ್ಚು ಉಸಿರು ಕಟ್ಟಿಸುತ್ತಿತ್ತಂತೆ.

ಆಗ ಸಿಕ್ಕವಳು ಅಫ್ರೋಜ. ಕೊಪ್ಪಳದ ಬಸ್ ನಿಲ್ದಾಣದ ಹಿಂದೆ ಮಹಡಿಯ ಮೇಲೊಂದು ಕೋಣೆ ಹಿಡಿದು ಫ್ಲೆಕ್ಸ್ ಬ್ಯಾನರ್ ಮಾಡುತ್ತಿದ್ದವಳು, ಈಗ ಮೊಬೈಲ್ ಆಟದ ಕಂಪನಿಗಳಿಗೆ ಕಂಪ್ಯೂಟರಿನಲ್ಲಿ ಗೊಂಬೆ ಕಟ್ಟಿ ಕೊಡುತ್ತಾಳೆ. ಬೆರಳಿನಿಂದ ತಿರುಗಿಸಿದರೆ ಮುಂದೆ, ಹಿಂದೆ, ಹೊಟ್ಟೆ, ಬೆನ್ನು ಎಲ್ಲ ಕಾಣುವ ಗೊಂಬೆ. ಬರಿಮೈ, ಬೂದಿಬಣ್ಣ. ಅದಕ್ಕೆ ಬಣ್ಣ, ಹೊಳಪು, ಕಟ್ಟಿಗೆಯ ನಾರು, ಮೇಲ್ಮೈಯ ನಯ ಎಲ್ಲವನ್ನೂ ಟ್ಯಾಬ್ಲೆಟ್ಟಿನ ಮೇಲೆ ಹಚ್ಚಬೇಕು. ಧೂಳಿಲ್ಲ, ಹೊಟ್ಟಿಲ್ಲ. ಭೂಮಿಯ ಮೇಲೆ ದ್ರಾಕ್ಷಾಯಿಣಕ್ಕ ಬಣ್ಣ ಹಚ್ಚಬಹುದಾದ ಜಾಗ ಇನ್ನು ಅದೊಂದೇ.

ಆಕೆಗೆ ಮೊದಲು ಸಿಕ್ಕ ಕೆಲಸ ಒಂದು ಆನೆ. ಮೊದಲ ದಿನ ಅದರ ಹೊಟ್ಟೆ ನೋಡಲು ಟ್ಯಾಬ್ಲೆಟ್ಟನ್ನೇ ಎತ್ತಿ ಕೆಳಗಿನಿಂದ ಇಣುಕಿದಳು. ಎರಡನೆಯ ದಿನ ಬಿಳಿಯ ತಳಬಣ್ಣ ಹಚ್ಚಿ, ಗಾಜನ್ನು ಊದಿ, ಕೈಕಟ್ಟಿ ಕುಳಿತಳು.

"ಅಕ್ಕಾರ, ಯಾಕ ಕುಂತ್ರಿ?" ಎಂದಳು ಅಫ್ರೋಜ.

"ಆರಲಿ ತಡಿ."

"ಇದು ಆರೂದಿಲ್ರಿ. ಇದು ಹಸೀನ ಇರೂದಿಲ್ಲ."

"ಹಸಿ ಇಲ್ಲದ್ದು ಬಣ್ಣ ಹೆಂಗಾಕ್ಕೈತಿ ಯವ್ವಾ? ನೀ ಫ್ಲೆಕ್ಸಿನಾಕಿ. ಸುಮ್ಕಿರು."

ಹೀಗೆ ಊದುತ್ತ, ನೆಕ್ಕುತ್ತ, ಎರಡು ವಾರ ತೆಗೆದುಕೊಂಡು ತಯಾರಾದ ಆನೆ ಐರಾವತವನ್ನು ನಾಚಿಸುವಂತಿತ್ತು. ಸೊಂಡಿಲಿಗೆ ಬಳ್ಳಿ, ಹಣೆಗೆ ಪಟ್ಟ, ಬೆನ್ನಿಗೆ ಜರಿಯ ಜೂಲು, ನಾಲ್ಕು ಪಾದಗಳ ಅಡಿಗೂ ನಾಲ್ಕು ಕಮಲ. ಕೊನೆಗೆ ಕಣ್ಣು. ಆಕೆಯ ಮನೆತನದ ಕಟ್ಟಳೆ ಒಂದಿದೆ: ಗೊಂಬೆಗೆ ಕಣ್ಣು ಬಿಡಿಸುವುದು ಎಲ್ಲಕ್ಕಿಂತ ಕಡೆಗೆ, ಬಿಡಿಸಿದ ಮೇಲೆ ಅದರ ಮೈಗೆ ಮತ್ತೆ ಕುಂಚ ತಾಗಿಸುವಂತಿಲ್ಲ. ಕಣ್ಣು ಬಂದ ಮೇಲೆ ಅದು ನೋಡುತ್ತದೆ, ನೋಡುವವರ ಮೈಗೆ ಬಣ್ಣ ಬಳಿಯುವುದು ಮರ್ಯಾದೆಯಲ್ಲ.

ಕಂಪನಿಯವರು ಆನೆಯನ್ನು ತಿರುಗಿ ಕಳಿಸಿದರು. ಆಟದಲ್ಲಿ ಆನೆ ಹುಣಸೆಬೀಜದಷ್ಟು ಸಣ್ಣದಾಗಿ ಕಾಣುತ್ತದೆ, ಚುಕ್ಕಿಗಳೆಲ್ಲ ಒಂದರೊಳಗೊಂದು ಕಲಸಿ ಸಿಡುಬು ಎದ್ದಂತಿದೆ, ಅಲಂಕಾರ ಕಡಿಮೆ ಮಾಡಿ ಎಂದು ಪತ್ರ. ಕಣ್ಣು ಬಂದ ಆನೆಯನ್ನು ದ್ರಾಕ್ಷಾಯಿಣಕ್ಕ ಮುಟ್ಟಲಿಲ್ಲ. ಬೇರೆ ಬರಿಮೈ ಆನೆ ತೆಗೆಸಿ ಮೊದಲಿನಿಂದ ಶುರುಮಾಡಿದಳು. ಅದೂ ತಿರುಗಿ ಬಂತು.

"ಕಡಿಮಿ ಮಾಡ್ರಿ ಅಂದಿದ್ನಲ್ರಿ ಅಕ್ಕಾರ" ಎಂದಳು ಅಫ್ರೋಜ, ಹಣೆ ಒತ್ತಿಕೊಳ್ಳುತ್ತ.

"ಮಾಡೀನಲ್ಲ. ನಲವತ್ತು ಚುಕ್ಕಿ ಬಿಟ್ಟೀನಿ, ಎಣಿಸಿ ನೋಡು."

"ಬಿಟ್ಟ ಜಾಗಾದಾಗ ಏನ ಹಾಕೀರಿ?"

"ಗಿಳಿ."

"ನಲವತ್ತು?"

"ಸಣ್ಣೂವು."

ಅಫ್ರೋಜ ಕುರ್ಚಿಯಲ್ಲಿ ಕುಸಿದಳು. "ಶನಿವಾರ ಸಂಜಿ ಆರಕ್ಕ ಕಡೀ ಸಲ ಕಳಸಬೇಕು. ಈ ಸಲಾನೂ ವಾಪಸ್ ಬಂತಂದ್ರ ಆನಿ ಕೆಲಸ ಬ್ಯಾರೇದವರಿಗೆ ಹೋಕ್ಕೈತಿ. ನನ್ನ ಕಡೆ ಮತ್ತ ಬಣ್ಣದ ಕೆಲಸ ಇಲ್ರಿ. ನಾ ಫ್ಲೆಕ್ಸಿಗೆ ಹೋಗತೀನಿ, ನೀವು ಊರಿಗೆ ಹೋಗ್ರಿ."

ಊರಿಗೆ ಎಂದರೆ ಹೊಸ್ತಿಲಿಗೆ. ಹೊಸ್ತಿಲು ಎಂದರೆ ಲಲಿತಾಳ ನೀಲಿ. ದ್ರಾಕ್ಷಾಯಿಣಕ್ಕ ಪೆನ್ನಿನ ತುದಿಯನ್ನು ಬಾಯಿಗಿಟ್ಟುಕೊಂಡಳು. ಅದೇ ಗಳಿಗೆಯಲ್ಲಿ ಮೂರನೆಯ ಪೆನ್ನು ಶರಣಾಯಿತು.

ನಾಲ್ಕನೆಯದು ಶನಿವಾರ ಬೆಳಿಗ್ಗೆ ಬಂತು. ಮೂಲೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದ ಅಫ್ರೋಜಳ ತಾಯಿ ಗೌಸಬೀ, ಈ ಸಂಹಾರವನ್ನು ಎರಡು ತಿಂಗಳಿಂದ ನೋಡುತ್ತ ಬಂದಾಕೆ, ಪೆನ್ನನ್ನು ಕಸಿದುಕೊಂಡಳು.

"ಕೂಸಿಗೆ ಮೊಲಿ ಬಿಡಸಾಕ ಏನ ಹಚ್ಚತಾರ ದ್ರಾಕ್ಷಾಯಿಣಿ?"

"ಬೇವು."

"ನೀ ಎಷ್ಟು ಕೂಸಿಗೆ ಬಿಡಿಸೀದಿ?"

"ಮೂರು."

"ಹಂಗಾರ ನಿನಗ ಹೇಳೂದ ಬ್ಯಾಡ." ಗೌಸಬೀ ಕೆಳಗಿಳಿದು ಹೋಗಿ, ಬೇವಿನೆಲೆ ಅರೆದು, ಪೆನ್ನಿನ ತುದಿಗೆ ತೆಳ್ಳಗೆ ಸವರಿ, ಬಿಸಿಲಿಗೆ ಒಣಗಿಸಿ ತಂದು ಕೊಟ್ಟಳು. "ಈ ಬಣ್ಣ ಮಾತ್ರ ಖರೇನ ಆರೈತಿ, ತಗೋ."

ಆ ದಿನದ ಯುದ್ಧವನ್ನು ವರ್ಣಿಸಲು ನನ್ನ ಲೇಖನಿಗೆ ಶಕ್ತಿ ಸಾಲದು. ಮತ್ತೊಂದು ಬರಿಮೈ ಆನೆಗೆ ಹಸಿರು ಮೈ ಹಚ್ಚಿ ಮುಗಿಯುತ್ತಲೇ ಪೆನ್ನು ಬಾಯಿಗೆ ಹೋಯಿತು. ದ್ರಾಕ್ಷಾಯಿಣಕ್ಕನ ಮುಖ ಹಿಂಡಿದ ಬಟ್ಟೆಯಂತಾಯಿತು. ಎದ್ದಳು, ಮುಕ್ಕಳಿಸಿದಳು, ಕುಳಿತಳು. ಜೂಲಿಗೆ ಕೆಂಪು ಹಚ್ಚಿದಳು. ಮತ್ತೆ ಬಾಯಿ, ಮತ್ತೆ ಬೇವು, ಮತ್ತೆ ನೀರು. ಮುಂದಿನ ಬಳ್ಳಿ ಹೊಳೆಯಬೇಕಾದ ಎರಡು ಕ್ಷಣದಲ್ಲಿ ಆಕೆಗೆ ಬೇಸಿನ್ ಬಿಟ್ಟು ಬೇರೇನೂ ಹೊಳೆಯಲಿಲ್ಲ. ಸಂಜೆ ಐದರ ಹೊತ್ತಿಗೆ ಸೊಂಡಿಲಿಗೆ ಒಂದು ಹಳದಿ ಗೆರೆ, ಹಣೆಗೆ ಐದು ಚುಕ್ಕಿ, ಅಷ್ಟೇ ಆಗಿತ್ತು. ಏಳನೆಯ ಸಲ ಮುಕ್ಕಳಿಸಿ ಬಂದವಳು ಸಿಟ್ಟಿನಿಂದ ಎರಡು ಗೆರೆಯಲ್ಲಿ ಎರಡು ಕಣ್ಣು ಬಿಡಿಸಿ, ಪೆನ್ನು ಕುಕ್ಕಿ, ಚೀಲ ಹೆಗಲಿಗೇರಿಸಿದಳು.

ಅಫ್ರೋಜ ನೋಡಿ ಬೆಚ್ಚಿದಳು. "ಅಕ್ಕಾರ, ಇದು ಭಾಳ ಬರಿದಾತ್ರಿ. ಇನ್ನೂ ಒಂದ ತಾಸೈತಿ. ಒಂದ ಬಳ್ಳಿ ಆದ್ರೂ ಹಾಕ್ರಿ."

"ಕಣ್ಣು ಬಿಡಿಸ್ಯಾಗೈತಿ."

"ನಿಮ್ಮ ಕಾಲ ಬೀಳತೀನಿ. ಬೆರಳ ಒತ್ತಿದ್ರ ಕಣ್ಣು ಅಳಿಸಿ ಹೋಕ್ಕಾವ, ಆಮ್ಯಾಲ ಮತ್ತ ಹಾಕ್ರಿ."

"ಕಣ್ಣು ಕೀಳು ಅಂತೀಯೇನವ್ವ? ಬೇಕಾರ ಕೆಲಸ ಬಿಟ್ಟು ಮನ್ಯಾಗ ಕುಂತೇನು, ಅದನ್ನ ಮಾಡಾಕಿ ಅಲ್ಲ. ಅದು ನೋಡಾಕತ್ತೈತಿ, ಮೆಲ್ಲಗ ಮಾತಾಡು."

ಆಕೆ ಕಿನ್ನಾಳದ ಬಸ್ಸು ಹಿಡಿದಳು. ಬೇರೆ ದಾರಿಯಿಲ್ಲದೆ ಅಫ್ರೋಜ ಆರಕ್ಕೆ ಐದು ನಿಮಿಷವಿರುವಾಗ ಅದನ್ನೇ ಕಳಿಸಿ, ಫ್ಲೆಕ್ಸ್ ಯಂತ್ರದ ಮೇಲಿನ ಧೂಳು ಒರೆಸಿದಳು. ಭಾನುವಾರವಿಡೀ ದ್ರಾಕ್ಷಾಯಿಣಕ್ಕ ಹೊಸ್ತಿಲಿನಾಚೆ ಕುಳಿತಿದ್ದಳು. ಒಳಗೆ ಲಲಿತಾ ನವಿಲಿಗೆ ನೀಲಿ ಹಚ್ಚುತ್ತಿದ್ದಳು.

ಸೋಮವಾರ ಮಧ್ಯಾಹ್ನ ಅಫ್ರೋಜಳ ಫೋನು ಬಂದು, ದ್ರಾಕ್ಷಾಯಿಣಕ್ಕ ಮತ್ತೆ ಮಹಡಿ ಹತ್ತಿದಳು. ಟ್ಯಾಬ್ಲೆಟ್ಟಿನ ಗಾಜಿನೊಳಗೆ ಕಂಪನಿಯ ಮೂವರು ಕುಳಿತಿದ್ದರು. ಆನೆ ಪಾಸಾಗಿತ್ತು. ಇನ್ನೂ ಹನ್ನೊಂದು ಪ್ರಾಣಿಗಳಿಗೆ ಇದೇ ಕೈ ಬೇಕಂತೆ. ನಡುವೆ ಕುಳಿತಿದ್ದ ಕನ್ನಡಕದವರು ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದರು. ಅಫ್ರೋಜ ಅದನ್ನು ಕನ್ನಡಕ್ಕೆ ಇಳಿಸಿ ಹೇಳಿದಳು: ಒಂದೇ ಗೆರೆಯಲ್ಲಿ ಇಡೀ ಸೊಂಡಿಲು ಬಂದಿದೆ, ಇಷ್ಟು ಬಿಟ್ಟು ಇಷ್ಟರಲ್ಲೇ ನಿಲ್ಲಿಸುವುದು ದೊಡ್ಡ ಕಲಾವಿದರಿಗೂ ಆಗುವುದಿಲ್ಲ, ನಲವತ್ತು ವರ್ಷದ ತಪಸ್ಸಿನಲ್ಲಿ ಈ ಸಂಯಮ ಯಾವಾಗ ಒಲಿಯಿತು ಎಂದು ಕೇಳುತ್ತಿದ್ದಾರೆ.

ದ್ರಾಕ್ಷಾಯಿಣಕ್ಕ ಬಳ್ಳಿಯಿಲ್ಲದ, ಗಿಳಿಯಿಲ್ಲದ ತನ್ನ ಆನೆಯನ್ನು ಅಸಮಾಧಾನದಿಂದ ನೋಡಿದಳು. ಪಾದದಡಿ ಒಂದು ಕಮಲವೂ ಇರಲಿಲ್ಲ.

"ಎಂಥಾ ಸಂಯಮರಿ. ಪೆನ್ನು ಭಾಳ ಕಹಿ ಇತ್ತು. ಲಗೂನ ಕಣ್ಣು ಬಿಡಿಸಿ ಬಸ್ಸಿಗೆ ಹೋದೆ."