ಪೆಡಲ್ ಒತ್ತುವ ಭಾವ, ಗಾಳಿ ತೆಗೆಯುವ ಅಕ್ಕ

ಬ್ರೇಕ್ ಸರಿಯಾಗಿದೆ, ಓಡಿಸಿ ನೋಡು ಎಂದು ಗ್ಯಾರೇಜಿನ ಮಾಲೀಕ ತನ್ನ ಕೆಲಸಗಾರನಿಗೆ ಹೇಳಿದ. ಬ್ರೇಕ್ ಸರಿಯಾಗಿರಲಿಲ್ಲ. ಕಾರು ಇಳಿಜಾರಿನ ಕೊನೆಯಲ್ಲಿದ್ದ ಕಲ್ಲುಗೋಡೆಗೆ ಗುದ್ದಿತು. ಓಡಿಸಿದವರ ಎಡ ಮೊಣಕಾಲು ಅಂದಿನಿಂದ ಮಡಚುವುದಿಲ್ಲ. ಅಜಾಗರೂಕತೆಯಿಂದ ಓಡಿಸಿದ ಎಂದು ಹೇಳಿ ಅವರನ್ನೇ ಕೆಲಸದಿಂದ ತೆಗೆದರು.

ಈಗ ಬೆಳಗಿನ ಜಾವ. ಅದೇ ಗ್ಯಾರೇಜು ಶೆಡ್ಡಿನ ತಗಡಿನ ಬಾಗಿಲನ್ನು ಅವರ ಹೆಂಡತಿ ಮೇಲೆತ್ತುತ್ತಿದ್ದಾರೆ. ಒಳಗೆ ಒಂದೇ ಬಲ್ಬು. ಅದರ ಕೆಳಗೆ ಹಳೆಯ ಸ್ಪೋರ್ಟ್ಸ್ ಕಾರು, ಎರಡೇ ಸೀಟಿನದು, ಬಿಸಿಲಿಗೆ ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಕೈಚೀಲ ಗೂಟಕ್ಕೆ ಹಾಕಿ ಅವರು ಮೊದಲು ಮಾಡುವ ಕೆಲಸ, ಕಾರಿನ ಮೈಮೇಲೆ ಹಳೆಯ ಬೆಡ್‌ಶೀಟು ಹೊದಿಸುವುದು. ಬ್ರೇಕ್ ಆಯಿಲ್ ಒಂದು ತೊಟ್ಟು ಬಿದ್ದರೂ ಪೇಂಟು ಸುಲಿದು ಬರುತ್ತದೆ. "ನಮ್ಮ ಕೈ ಸುಲಿದ್ರೆ ಯಾರೂ ಕೇಳಲ್ಲ, ಪೇಂಟ್ ಸುಲಿದ್ರೆ ಊರೇ ಕೇಳುತ್ತೆ" ಎನ್ನುತ್ತಾ ಜಾಕ್ ಏರಿಸುತ್ತಾರೆ.

ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಬ್ರೇಕ್ ಅಕ್ಕ ಎಂದು. ಅವರು ಎಲ್ಲರಿಗೂ ಅಕ್ಕನಾದ ಮೇಲೆ ಗಂಡ ತಾನಾಗಿ ಎಲ್ಲರಿಗೂ ಭಾವ. "ಇಷ್ಟು ಜನ ಭಾಮೈದರನ್ನ ಸಾಕೋ ಶಕ್ತಿ ನನಗಿಲ್ಲಪ್ಪ" ಎಂದು ಭಾವ ಗೊಣಗುವುದುಂಟು. ಈ ಶೆಡ್ಡಿನಲ್ಲಿ ಅವರಿಗೆ ಕೆಲಸವಿಲ್ಲ, ಸಂಬಳವಿಲ್ಲ. ಆದರೂ ಹೆಂಡತಿಯ ಜೊತೆ ದಿನವೂ ಬರುತ್ತಾರೆ. ಬ್ರೇಕ್ ಆಯಿಲ್‌ನಲ್ಲಿ ಗಾಳಿ ಸೇರಿದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ ತಿರುಗಿಸಬೇಕು.

ಅಕ್ಕ ಇಲ್ಲಿಗೆ ಸೇರಿದ್ದು ಕಸ ಗುಡಿಸಲು. ಆಮೇಲೆ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯಲು ಹಚ್ಚಿದರು. ಗಂಡಸರು ಎಂಜಿನ್ ಕೆಲಸಕ್ಕೆ ಮುಗಿಬೀಳುತ್ತಿದ್ದರು. ಕೆಳಗೆ ಕೂತು, ಆಯಿಲ್‌ನಲ್ಲಿ ಬೆರಳು ಸುಟ್ಟುಕೊಂಡು ಮಾಡುವ ಬ್ರೇಕಿನ ಕೆಲಸ ಯಾರಿಗೂ ಬೇಡವಾಗಿತ್ತು. ಬೇಡವಾದದ್ದು ಹೆಂಗಸಿನ ಪಾಲಿಗೆ ಬಂತು. ಹೊಸ ಕಾರು ಕೊಂಡವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಆ ಕಾರು ಬೇಕಾದ ಜಾಗದಲ್ಲಿ ನಿಲ್ಲುವಂತೆ ಮಾಡಿದವರ ಹೆಸರನ್ನು ಬಿಲ್ಲಿನಲ್ಲೂ ಬರೆಯುವುದಿಲ್ಲ. ದಿನಕ್ಕೆ ಐದಾರು ಕಾರು ಇವರ ಕೈ ದಾಟಿ ರಸ್ತೆಗಿಳಿಯುತ್ತವೆ.

ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆ ಇವರ ಮನೆ. ಉಳಿದ ಹೊತ್ತಿನಲ್ಲಿ ಭಾವ ಅಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುವುದು ಅಕ್ಕನ ಸಂಬಳದಲ್ಲಿ. ಅತ್ತೆಗೆ ಸೊಸೆಯ ಮೇಲೆ ಒಂದೇ ದೂರು: "ಕಾರಂತೂ ಬರಲಿಲ್ಲ, ಅದರ ವಾಸನೆ ಮಾತ್ರ ದಿನಾ ಮನೆಗೆ ಬರುತ್ತೆ."

ಚಕ್ರ ಬಿಚ್ಚಿದ ಅಕ್ಕ ಪಕ್ಕದಲ್ಲಿದ್ದ ಭಾವನಿಗೆ ಹಳೆಯ ಕ್ಯಾಲಿಪರ್ ತೋರಿಸುತ್ತಾರೆ. ಡಿಸ್ಕನ್ನು ಎರಡೂ ಕಡೆಯಿಂದ ಅವುಚಿ ಹಿಡಿದು ಕಾರು ನಿಲ್ಲಿಸುವ ಭಾಗ ಇದು. ರಬ್ಬರು ಹರಿದು, ಪಿಸ್ಟನ್ ತುಕ್ಕು ಹಿಡಿದು ಅಲುಗಾಡದೆ ನಿಂತಿದೆ. ಒಳಗಿನ ಪ್ಯಾಡು ಸವೆದು ಕಬ್ಬಿಣ ಕಾಣುತ್ತಿದೆ, ಹೊರಗಿನದು ಹೊಸದರ ಹಾಗೇ ಇದೆ. "ಒಬ್ಬ ದುಡಿಯೋದು, ಇನ್ನೊಬ್ಬ ಕೂತು ತಿನ್ನೋದು" ಎಂದು ನಗುತ್ತಾರೆ. ಉಳಿದ ಕೆಲಸಗಾರರು ಬಂದು ಸೇರುವ ಹೊತ್ತಿಗೆ ಎಡಗಡೆಗೆ ಹೊಸ ಕ್ಯಾಲಿಪರ್ ಸಲೀಸಾಗಿ ಕೂತಿದೆ.

ಇನ್ನೊಂದು ಪೆಟ್ಟಿಗೆ ಬಿಚ್ಚಿದಾಗ ಅವರ ಕೈ ನಿಲ್ಲುತ್ತದೆ. ಮಾಲೀಕ ಫೋನಿನಲ್ಲಿ "ಮುಂದಿನ ಚಕ್ರದವು ಎರಡು" ಎಂದಷ್ಟೇ ಹೇಳಿದ್ದಾನೆ. ಅಂಗಡಿಯವರು ಎರಡೂ ಎಡಗಡೆಯವನ್ನೇ ಕಳಿಸಿದ್ದಾರೆ.

"ಎರಡೂ ಎಡಗಾಲಿನ ಚಪ್ಪಲಿ ಕಣ್ರೀ" ಎನ್ನುತ್ತಾರೆ ಅಕ್ಕ.

ಗಂಡನ ಅಪಘಾತವಾದ ಮೇಲೆ ಈ ಶೆಡ್ಡಿನಲ್ಲಿ ಅಕ್ಕ ಒಂದು ಪದ್ಧತಿ ತಂದಿದ್ದಾರೆ. ಪೆಡಲ್ ಒತ್ತಿದವರು 'ಗಟ್ಟಿ' ಎನ್ನುವ ತನಕ ಕಾರನ್ನು ಜಾಕಿನಿಂದ ಇಳಿಸುವ ಹಾಗಿಲ್ಲ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಶುರುಮಾಡಿದರು, ಉಳಿದವರೂ ಹಿಡಿದುಕೊಂಡರು. ಬ್ರೇಕಿನ ದೂರು ಹೊತ್ತು ಗಿರಾಕಿಗಳು ವಾಪಸು ಬರುವುದು ನಿಂತ ಕಾರಣ ಮಾಲೀಕನೂ ಸುಮ್ಮನಿದ್ದ.

ಇಂದು ಅವನು ಸುಮ್ಮನಿಲ್ಲ. ಕಾರಿನ ಒಡತಿ ಹಲ್ಲಿನ ಡಾಕ್ಟರು. ಅಪ್ಪನಿಂದ ಬಂದ ಕಾರು, ಇವತ್ತೇ ಘಟ್ಟ ಇಳಿಯಬೇಕು ಎಂದು ಬಂದು ಮುಂದಿನ ಕೋಣೆಯಲ್ಲಿ ಕೂತಿದ್ದಾರೆ.

"ಹಾಕಕ್ಕ ಅದನ್ನೇ. ಬೋಲ್ಟು ಕೂರುತ್ತಲ್ಲ?" ಎನ್ನುತ್ತಾನೆ ಮಾಲೀಕ.

"ಬೋಲ್ಟು ಕೂರುತ್ತೆ ಸಾರ್. ನಿಪ್ಪಲ್ ಕೆಳಗೆ ಬರುತ್ತೆ. ಗಾಳಿ ಮೇಲೇ ಉಳಿಯುತ್ತೆ. ಸರಿಯಾದ್ದು ತರಿಸಿ, ಹಾಕ್ತೀನಿ."

"ಅದು ಬರೋದು ಮುಂದಿನ ವಾರ."

"ಹಾಗಾದ್ರೆ ಕಾರು ಹೋಗೋದೂ ಮುಂದಿನ ವಾರ."

ಮಾಲೀಕ ಅಂಗಿಯ ತೋಳು ಮಡಚಿ ತಾನೇ ಬೋಲ್ಟು ಬಿಗಿಯುವ ಪಾನಾ ಹಿಡಿದು ಕೂರುತ್ತಾನೆ. ಕೆಲಸ ಬಾರದವನೇನಲ್ಲ, ಆ ಎಡಗಡೆಯ ಕ್ಯಾಲಿಪರನ್ನೇ ಬಲಗಡೆಗೆ ಜೋಡಿಸಿ ಮುಗಿಸುತ್ತಾನೆ. ಭಾವ ಕಾರಿನೊಳಗೆ ಕೂರುತ್ತಾರೆ. ನೆಲಕ್ಕೆ ತಾಗುವಂಥ ಸೀಟು, ಕಾಲು ಉದ್ದಕ್ಕೆ ಚಾಚಬೇಕು. "ಮಡಚದ ಕಾಲಿಗೆ ಹೇಳಿ ಮಾಡಿಸಿದ ಕಾರು" ಎನ್ನುತ್ತಾ ಬಲಗಾಲನ್ನು ಪೆಡಲ್ ಮೇಲಿಡುತ್ತಾರೆ. ಎಡಗಡೆಯ ಗಾಳಿಯನ್ನು ಅಕ್ಕ ತೆಗೆಯುತ್ತಾರೆ.

"ಒತ್ರೀ... ಹಿಡ್ಕೊಳ್ಳಿ. ಬಿಡಬೇಡಿ!"

"ಮದುವೆ ಆದಾಗಿಂದ ಹಿಡ್ಕೊಂಡೇ ಇದೀನಿ ಕಣೇ, ಯಾವತ್ತು ಬಿಟ್ಟೆ?"

ಬಲಗಡೆ ಮಾಲೀಕ ನಿಪ್ಪಲ್ ತಿರುಗಿಸುತ್ತಾನೆ. ಆಯಿಲ್ ತಿಳಿಯಾಗಿ ಇಳಿಯುತ್ತದೆ. "ನೋಡಿ, ಒಂದು ಗುಳ್ಳೆ ಇಲ್ಲ. ಗಟ್ಟಿ ಅನ್ನಿ ಭಾವ."

ಭಾವ ಒತ್ತಿ ನೋಡುತ್ತಾರೆ. ಪಾದ ಒಳಕ್ಕೆ ಇಳಿಯುತ್ತದೆ. ಮತ್ತೆ ಒತ್ತುತ್ತಾರೆ.

"ಹತ್ತಿ ಮೂಟೆ ಮೇಲೆ ಕಾಲಿಟ್ಟ ಹಾಗಿದೆ."

"ನಾಲ್ಕು ಸಲ ಪಂಪ್ ಮಾಡಿದ್ರೆ ಬಿಗಿ ಆಗಲ್ವಾ?"

"ಆಗುತ್ತೆ ಸಾರ್. ನಾವು ಪಂಪ್ ಮಾಡೋ ತನಕ ಎದುರಿಗೆ ಬಂದೋರು ಕಾಯ್ತಾರಾ?"

ಮಾಲೀಕ ನಗುವುದಿಲ್ಲ. ಚಕ್ರ ಕೂರಿಸಿ, ನಟ್ಟು ಬಿಗಿದು, ತಾನೇ ಜಾಕ್ ಇಳಿಸುತ್ತಾನೆ. ಶೆಡ್ಡಿನಲ್ಲಿ ಉಳಿದವರ ಸುತ್ತಿಗೆಯ ಸದ್ದು ನಿಂತುಹೋಗುತ್ತದೆ. ಬೆಡ್‌ಶೀಟು ಎಳೆದು ಬದಿಗೆಸೆದು ಅವನು ಕಾರಿನ ಬಾಗಿಲ ಬಳಿ ಬರುತ್ತಾನೆ.

"ಇಳೀರಿ ಭಾವ. ಡಾಕ್ಟರಮ್ಮಂಗೆ ನಾನೇ ತಂದು ಕೊಡ್ತೀನಿ."

ಭಾವ ಅಲುಗುವುದಿಲ್ಲ.

"ಅಕ್ಕನ ಕೆಲಸ ಇರೋದು ಇಲ್ಲೇ. ಅದು ನೆನಪಿರಲಿ."

ಇದು ಭಾವನಿಗೆ ತಾಗುತ್ತದೆ. ಎರಡು ಕೋಣೆಯ ಬಾಡಿಗೆ, ಅಮ್ಮನ ಮಾತ್ರೆ, ಒಲೆಯ ಉರಿ, ಎಲ್ಲವೂ ನಿಂತಿರುವುದು ಆ ಒಂದು ಕೆಲಸದ ಮೇಲೆ. ಅವರು ಕಿಟಕಿಯಿಂದ ಹೆಂಡತಿಯ ಮುಖ ನೋಡುತ್ತಾರೆ.

ಅಕ್ಕ ಕೈ ಒರೆಸಿಕೊಳ್ಳುತ್ತಿದ್ದಾರೆ. "ನನ್ನ ಮುಖ ಏನ್ರೀ ನೋಡ್ತೀರಿ? ಪೆಡಲ್ ಒತ್ತಿದ್ದು ನೀವು."

ಅಷ್ಟು ತಗ್ಗಿನ ಸೀಟಿನಿಂದ ಮಡಚದ ಕಾಲಿಟ್ಟುಕೊಂಡು ಏಳುವುದು ಕಷ್ಟವೆಂದು ಮಾಲೀಕನಿಗೆ ಆಗ ಹೊಳೆದಿರಬೇಕು. ದನಿ ತಗ್ಗಿಸಿ, ಬಾಗಿ, ಕೈ ಚಾಚುತ್ತಾನೆ.

"ಕೈ ಕೊಡಿ, ನಾನು ಎಬ್ಬಿಸ್ತೀನಿ."

ಭಾವ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಳ್ಳುತ್ತಾರೆ.

"ಏಳೋಕೆ ಆಗಲ್ಲ ಅಂತಲ್ಲ ಸಾರ್. ಏಳಲ್ಲ."