ಎಂಟು ಅಂದ ಹುಡುಗಿ

ಮಧುಗಿರಿಯ ನಮ್ಮ ಮನೆಯ ಬಚ್ಚಲು ತೊಳೆಯಲೆಂದು ನಿನ್ನೆ ಆಸಿಡ್ ಬಾಟಲಿಯ ಮುಚ್ಚಳ ತಿರುಗಿಸಿದೆ. ಘಾಟು ಮೂಗಿಗೆ ಬಡಿಯಿತು. ನಿಮಗಾದರೆ ಕೆಮ್ಮು ಬರುತ್ತಿತ್ತೇನೋ, ನನಗೆ ಕಿವಿ ಬಿಸಿಯಾಯಿತು. ಹೈಡ್ರೋಕ್ಲೋರಿಕ್ ಆಮ್ಲಕ್ಕೂ ನನಗೂ ಹಳೆಯ ಪರಿಚಯ.

ಪಾವಗಡದ ಕಡೆಯ ಹಳ್ಳಿಯಲ್ಲಿ ಹತ್ತನೇ ತರಗತಿ ಮುಗಿಸಿ, ಪಿಯುಸಿಗೆಂದು ಶಿರಾದಲ್ಲಿದ್ದ ಅಕ್ಕನ ಮನೆ ಸೇರಿದ್ದೆ. ಅಕ್ಕ ಏಳನೇ ತರಗತಿಗೇ ಶಾಲೆ ಬಿಟ್ಟವಳು, ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ತಂಗಿ ಡಾಕ್ಟರಾಗುತ್ತಾಳೆಂದು ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ಕೇಳಿ ಕೇಳಿ ನಾನೂ ಅರ್ಧ ಡಾಕ್ಟರಾಗಿಬಿಟ್ಟಿದ್ದೆ.

ನೀಟ್ ತರಗತಿಯಲ್ಲಿ ಒಂದು ದಿನ ಕೆಮಿಸ್ಟ್ರಿ ಮೇಡಂ ಒಂದು ಪ್ರಶ್ನೆ ಹಾಕಿದರು. ಹತ್ತರ ಮೈನಸ್ ಎಂಟನೇ ಘಾತದಷ್ಟೇ ಸಾಂದ್ರತೆಯಿರುವ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಪ್ರಬಲ ಆಮ್ಲ, ನೀರಿನಲ್ಲಿ ಪೂರ್ತಿ ಬಿಡಿಬಿಡಿಯಾಗುತ್ತದೆ, ಮೈನಸ್ ತೆಗೆದರೆ ಉತ್ತರ ಸಿಕ್ಕಿತು ಎಂದುಕೊಂಡು, ಯಾರೂ ಕೈಯೆತ್ತುವ ಮೊದಲೇ ಎದ್ದು ನಿಂತು "ಎಂಟು" ಅಂದೆ.

"ಏಳು ದಾಟಿ ಎಂಟು ಅಂದ್ರೆ ಕ್ಷಾರ ಆಯ್ತಲ್ಲಮ್ಮ. ಆಸಿಡ್ ಹಾಕಿ ಸೋಪಿನ ನೀರು ಮಾಡ್ಬಿಟ್ಯಲ್ಲ" ಅಂದರು ಮೇಡಂ. ತರಗತಿಗೆ ತರಗತಿಯೇ ನಕ್ಕಿತು. ಮರುದಿನದಿಂದ ನನ್ನ ಹೆಸರೇ 'ಎಂಟು' ಆಯಿತು.

ಬಫರ್ ಪಾಠ ನಡೆದ ದಿನಗಳಲ್ಲಿ ನಾನು ಬಸ್ ಸ್ಟ್ಯಾಂಡಿನಲ್ಲಿ ಕೂತು ಪಾವಗಡದ ಬಸ್ಸುಗಳನ್ನು ನೋಡುತ್ತಿದ್ದೆ. ಚೂರು ಆಮ್ಲವೋ ಕ್ಷಾರವೋ ಬಿದ್ದರೂ ಪಿಎಚ್ ಹೆಚ್ಚು ಕದಲದ ದ್ರಾವಣ ಅದು ಎಂದು ಆಮೇಲೆ ಓದಿದೆ. ನಾನಂತೂ ಒಂದೇ ನಗುವಿಗೆ ಕದಲಿಹೋಗಿದ್ದೆ.

ನನ್ನನ್ನು ಅಲ್ಲಿ ಕಂಡ ಯಾರೋ ಅಕ್ಕನ ಕಿವಿಗೆ ಹಾಕಿದರು.

"ಯಾಕೆ ಕ್ಲಾಸ್ ಬುಟ್ಟೆ?" ಅಂದಳು. ನಡೆದದ್ದನ್ನು ಹೇಳಿದೆ.

"ಎಂಟು ಯಾಕೆ ತಪ್ಪಂತೆ?"

"ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಕೇಳ್ಬೇಕು ಕಣೇ. ನಡಿ."

ದಾರದ ಎಳೆಗಳು ಅಂಟಿದ್ದ ಸೀರೆಯಲ್ಲೇ ಹೊರಟಳು. ನಾನು ಜೊತೆಯವಳೆಂದು ಗೊತ್ತಾಗದಷ್ಟು ಹಿಂದೆ ನಡೆದೆ. ಅವಳು ಸ್ಟಾಫ್ ರೂಮಿನ ಒಳಗೆ ಹೋದಳು, ನಾನು ಬಾಗಿಲ ಹೊರಗೇ ಉಳಿದೆ. ಅಷ್ಟರಲ್ಲಿ ಗೆಳತಿಯೊಬ್ಬಳು ಬಂದು, "ಯಾರೇ ಅವ್ರು?" ಅಂದಳು.

"ನಮ್ಮೂರಿನವ್ರು" ಅಂದೆ.

ಒಳಗೆ ಅಕ್ಕ ಹೇಳುತ್ತಿದ್ದಳು: "ಮೇಡಂ, ನಂಗೆ ಇದೆಲ್ಲ ತಿಳಿಯಾಕಿಲ್ಲ. ಎಂಟು ಯಾಕೆ ತಪ್ಪು ಅಂತ ಒಸಿ ಹೇಳ್ಬುಡಿ. ಅವ್ಳಿಗೆ ಕೇಳಾಕೆ ನಾಚ್ಕೆ."

ಮೇಡಂ ಕುರ್ಚಿ ಎಳೆದು ಕೊಟ್ಟರು. "ಕೂತ್ಕೊಳ್ಳಿ. ಆಸಿಡ್ ಅಷ್ಟು ಕಮ್ಮಿ ಇದ್ದಾಗ, ನೀರಿನಲ್ಲೇ ಇರೋ ಹೈಡ್ರೋಜನ್ ಅಯಾನನ್ನೂ ಸೇರಿಸ್ಬೇಕು. ಆಗ ಪಿಎಚ್ ಏಳಕ್ಕಿಂತ ಚೂರು ಕಮ್ಮಿ ಬರುತ್ತೆ. ನಿಮ್ಮ ತಂಗಿ ನೀರನ್ನ ಮರೆತ್ಲು. ಮಿಕ್ಕೋರೂ ನೋಟ್‌ಬುಕ್ಕಲ್ಲಿ ಅದನ್ನೇ ಬರೆದಿದ್ರು. ಎಲ್ರೂ ಅವಳನ್ನ ನೋಡಿ ನಗೋ ಹಾಗೆ ನಾನು ಮಾತಾಡ್ಬಾರ್ದಿತ್ತು."

ಮಾರನೆಯ ದಿನ ತರಗತಿಗೆ ಹೋದೆ. ಮೆಡಿಕಲ್ ಸೀಟು ಸಿಗಲಿಲ್ಲ. ಫಾರ್ಮಸಿ ಓದಿ ಈಗ ಇಲ್ಲೊಂದು ಔಷಧಿ ಅಂಗಡಿಯಲ್ಲಿದ್ದೇನೆ. ಎಂಟು ಅಂದದ್ದು ನೆನಪಾದರೆ ಈಗ ನಗುವೇ ಬರುತ್ತದೆ. ಕಿವಿ ಬಿಸಿಯಾಗುವುದು ಬಾಗಿಲ ಹೊರಗೆ ಆಡಿದ ಮಾತಿಗೆ. ಅದು ಅಕ್ಕನಿಗೆ ಕೇಳಿಸಿತ್ತೋ ಇಲ್ಲವೋ, ಅವಳು ಒಂದು ದಿನವೂ ಎತ್ತಲಿಲ್ಲ.

ನಿನ್ನೆ ಬಚ್ಚಲನ್ನು ಹಾಗೇ ಬಿಟ್ಟು ಅವಳಿಗೆ ಫೋನ್ ಮಾಡಿದೆ. ಹೊಲಿಗೆ ಮಿಷನ್ ಓಡುತ್ತಿತ್ತು.

"ಒಂದಿನ ನಮ್ಮ ಅಂಗಡಿಗೆ ಬಾರಕ್ಕ. ಎಲ್ರಿಗೂ ನಿನ್ನ ಪರಿಚಯ ಮಾಡಿಸ್ಬೇಕು."

"ನನ್ನ ಏನಂತ ಪರಿಚಯ ಮಾಡಿಸ್ತೀಯೇ?"

"ನಮ್ಮಕ್ಕ ಅಂತ."

ಆ ಕಡೆ ಮಿಷನ್ ಸದ್ದು ನಿಂತಿತು.