ಮೂರು ಚೆಂಡಿಗೂ ಒಂದೇ ಹೆಬ್ಬೆರಳು

ಪಿನ್ನು ಉರುಳಿಸುವ ಬೌಲಿಂಗ್ ಚೆಂಡಿಗೆ ಮೂರು ತೂತು. ನಡುಬೆರಳಿಗೊಂದು, ಉಂಗುರದ ಬೆರಳಿಗೊಂದು, ಹೆಬ್ಬೆರಳಿಗೊಂದು. ಮೊದಲಿನೆರಡು ತುಸು ಹೆಚ್ಚುಕಮ್ಮಿಯಾದರೂ ಆಟ ನಡೆಯುತ್ತದೆ. ಹೆಬ್ಬೆರಳಿನದು ಹಾಗಲ್ಲ. ಕೈ ಬೀಸಿದಾಗ ಮೊದಲು ಕಳಚಿಕೊಳ್ಳಬೇಕಾದ ಬೆರಳು ಅದು. ಕೂದಲೆಳೆಯಷ್ಟು ಬಿಗಿಯಾದರೂ ಏಳು ಕಿಲೋ ಭಾರ ತೋಳನ್ನೇ ಎಳೆದುಕೊಂಡು ಹೋಗುತ್ತದೆ. ಸಡಿಲವಾದರೆ, ಎಲ್ಲಿ ಜಾರೀತೋ ಎಂದು ಹಿಂಡಿ ಹಿಂಡಿ, ಹತ್ತು ಎಸೆತದೊಳಗೆ ಚರ್ಮ ಸುಲಿದು ಬರುತ್ತದೆ. ಪಂದ್ಯಕ್ಕಿಳಿಯುವವರ ಚೀಲದಲ್ಲಿ ಮೂರು ನಾಲ್ಕು ಚೆಂಡಿರುತ್ತವೆ. ಒಂದು ನೇರಕ್ಕೆ, ಒಂದು ತಿರುವಿಗೆ, ಒಂದು, ಚೆಂಡುರುಳುವ ಹಲಗೆಹಾಸಿಗೆ ಬಳಿದ ಎಣ್ಣೆ ಒಣಗಿದಾಗಿನ ಆಟಕ್ಕೆ. ಯಾವುದನ್ನು ಎತ್ತಿದರೂ ಹೆಬ್ಬೆರಳಿಗೆ ವ್ಯತ್ಯಾಸ ಗೊತ್ತಾಗಬಾರದು.

ಅದು ಗೊತ್ತಾಗದಂತೆ ಮಾಡುವುದೇ ಅವನ ಕಸುಬು. ಬೌಲಿಂಗ್ ಹಾಲ್‌ನ ಹಿಂದೆ, ಬಾಡಿಗೆ ಬೂಟಿನ ಕಪಾಟು ದಾಟಿದರೆ ಸಿಗುವ ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತೇಳು ವರ್ಷದಿಂದ ಕೊರೆಯುತ್ತಿದ್ದಾನೆ. ಆಟಗಾರರು ಇಟ್ಟ ಹೆಸರು ಹೆಬ್ಬೆಟ್ಟಪ್ಪ. ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ.

ಯಂತ್ರ ಕೊರೆದ ತೂತು ಬರಿಯ ತೂತು. ಆಮೇಲೆ ಅದರ ಅಂಚನ್ನು ಚಾಕುವಿನಲ್ಲಿ ಮೃದು ಮಾಡಬೇಕು, ಒಳಗೋಡೆಯನ್ನು ಉಪ್ಪುಕಾಗದ ಸುತ್ತಿದ ಕಡ್ಡಿಯಿಂದ ಉಜ್ಜಬೇಕು. ಎಲ್ಲಿ ಎಷ್ಟು ಎಂಬುದನ್ನು ಯಾವ ಅಳತೆಪಟ್ಟಿಯೂ ಹೇಳುವುದಿಲ್ಲ. ಅವನು ತನ್ನ ಹೆಬ್ಬೆರಳನ್ನು ಗಿರಾಕಿಯ ಹಳೆಯ ಚೆಂಡಿನಲ್ಲೊಮ್ಮೆ, ಹೊಸದರಲ್ಲೊಮ್ಮೆ ಆಡಿಸುತ್ತಿದ್ದ. ಕಣ್ಣು ಮುಚ್ಚಿ, ರುಚಿ ನೋಡುವವನ ಹಾಗೆ. ಎರಡೂ ಒಂದೇ ಅನ್ನಿಸುವವರೆಗೆ ಕಡ್ಡಿ ಕೆಳಗಿಡುತ್ತಿರಲಿಲ್ಲ.

ಆ ಹೆಬ್ಬೆರಳು ಸತ್ತು ಎರಡು ತಿಂಗಳಾಗಿತ್ತು.

ಮೊದಲು ತುದಿ ಜುಮ್ಮೆನ್ನುತ್ತಿತ್ತು. ಆಮೇಲೆ ಜುಮ್ಮೆನ್ನುವುದೂ ನಿಂತಿತು. ಯಂತ್ರದ ಕಾಲಡಿಯ ರಬ್ಬರ್ ಸವೆದು ನಾಲ್ಕು ವರ್ಷ. ಅಂದಿನಿಂದ ಅದರ ನಡುಕವೆಲ್ಲ ಅವನ ಮುಂಗೈಗೆ ಇಳಿಯುತ್ತಿತ್ತು. ಮಾಲೀಕನಿಗೆ ಹೇಳಿ ಹೇಳಿ ಬಾಯಿ ನೋವು ಬಂತು. ಮುಂಬಾಗಿಲಿಗೆ ಬಣ್ಣದ ದೀಪ ಬಂತು, ಕುರ್ಚಿಗಳಿಗೆ ಹೊಸ ಮೆತ್ತೆ ಬಂತು, ‘ಕರಾರುವಾಕ್ಕು ಅಳತೆಗೆ ನಮ್ಮಲ್ಲೇ ಬನ್ನಿ’ ಎಂಬ ಬೋರ್ಡು ಬಂತು. ಅಂಗೈಯಗಲದ ನಾಲ್ಕು ರಬ್ಬರ್ ತುಂಡು ಬರಲಿಲ್ಲ. ದುಡಿಯುವವನ ಕೈ ಗೋಡೆಯ ಮೊಳೆಯಿದ್ದಂತೆ. ಕಿತ್ತು ಬರುವ ತನಕ ಯಾರೂ ಅದರತ್ತ ನೋಡುವುದಿಲ್ಲ.

ಹಾಗಂತ ತಪ್ಪೆಲ್ಲ ಮಾಲೀಕನದೇ ಅಲ್ಲ. ಬೆರಳು ಸತ್ತಿದ್ದು ಅವನಿಂದ. ಸತ್ತದ್ದನ್ನು ಮುಚ್ಚಿಟ್ಟವನು ಮಾತ್ರ ಹೆಬ್ಬೆಟ್ಟಪ್ಪನೇ.

ಒಂದು ಬೆಳಿಗ್ಗೆ ಹೆಂಡತಿ ಅವನ ಕೈ ಹಿಡಿದು ತಿರುಗಿಸಿದಳು. “ಏನ್ರೀ ಇದು, ಬೊಬ್ಬೆ? ಯಾವಾಗ ಸುಟ್ಕೊಂಡ್ರಿ?”

ಹಿಂದಿನ ದಿನ ಒಲೆಯ ಮೇಲಿನ ಪಾತ್ರೆ ಇಳಿಸಿದ್ದು ನೆನಪಾಯಿತು. “ನಿನ್ನೆ. ಅಂಥದ್ದೇನಿಲ್ಲ ಬಿಡು.”

“ಉರೀಲಿಲ್ವಾ?”

“ಉರೀತು ಉರೀತು. ನೀನೊಬ್ಬಳು.”

ಉರಿದಿರಲಿಲ್ಲ. ಅಂದಿನಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಡಾಕ್ಟರ ಹತ್ತಿರ ಹೋಗಲು ಭಯ, ಹೋದರೆ ಅವರು ಹೆಸರಿಟ್ಟು ಹೇಳುತ್ತಾರೆ. ಹೇಳಿದ ಮೇಲೆ ತಾನೂ ನಂಬಬೇಕಾಗುತ್ತದೆ. ಅದರ ಬದಲು ಅಂದಾಜಿನಲ್ಲಿ ಉಜ್ಜಿದ. ಇಪ್ಪತ್ತೇಳು ವರ್ಷದ ಅಭ್ಯಾಸ, ಕೈ ತಾನಾಗಿಯೇ ಅಷ್ಟು ಸುತ್ತು ತಿರುಗಿಸಿ ನಿಲ್ಲುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹೀಗೆ ಉಜ್ಜಿದ್ದರಲ್ಲಿ ಪೀಟಿ ಟೀಚರಮ್ಮನ ಮೂರು ಹೊಸ ಚೆಂಡುಗಳೂ ಇದ್ದವು. ಆಕೆ ಎತ್ತರದ ಗಟ್ಟಿ ಹೆಂಗಸು, ಹತ್ತಿರದ ಶಾಲೆಯಲ್ಲಿ ಮಕ್ಕಳನ್ನು ಓಡಿಸುವುದು ಕೆಲಸ. ಅವಳ ಹೆಬ್ಬೆರಳೂ ಅವನದೂ ಒಂದೇ ಅಚ್ಚು. ಅದು ಆರು ವರ್ಷದ ಹಿಂದೆಯೇ ಗೊತ್ತಾಗಿ ಇಬ್ಬರೂ ನಕ್ಕಿದ್ದರು. ಅಲ್ಲಿಂದೀಚೆಗೆ ಅವಳು ಚೆಂಡು ಕೊಟ್ಟು ಹೋಗಿಬಿಡುತ್ತಿದ್ದಳು. ಬೇರೆಯವರನ್ನು ಎರಡು ಸಲ ಕರೆದು ಬೆರಳು ಹಾಕಿಸಿ ನೋಡುತ್ತಿದ್ದವನು ಅವಳನ್ನು ಮಾತ್ರ ಒಮ್ಮೆಯೂ ಕರೆದಿರಲಿಲ್ಲ. ತನ್ನ ಬೆರಳಿದೆಯಲ್ಲ. ಈ ಎರಡು ತಿಂಗಳು, ಗುಟ್ಟು ಬಯಲಾದೀತೆಂದು, ಬೇರೆಯವರನ್ನೂ ಕರೆದಿರಲಿಲ್ಲ.

ಹೋದ ವಾರ ಅವಳು ಬಾಗಿಲಲ್ಲಿ ನಿಂತು, “ಅಣ್ಣಾ, ಕೆಂಪು ಚೆಂಡು ಯಾಕೋ ಹಿಡೀತಿದೆ. ಎಸೆಯೋವಾಗ ನಾನೇ ಗೆರೆ ದಾಟಿ ಮುಗ್ಗರಿಸಿದೆ,” ಅಂದಿದ್ದಳು.

ಯಾಕೆಂದು ಅವನಿಗೆ ಗೊತ್ತಿತ್ತು. ಬಾಯಿ ಮಾತ್ರ ಸಲೀಸಾಗಿ, “ಮಧ್ಯಾಹ್ನ ಆದ್ರೆ ಎಲ್ರ ಬೆರಳೂ ಊದುತ್ತೆ ಟೀಚರಮ್ಮ. ತೂತಿನೊಳಗೆ ಅಂಟಿಸಿರೋ ಟೇಪ್ ಒಂದು ಪದರ ತೆಗೀರಿ,” ಅಂದಿತು.

ಮಾತು ಸುಳ್ಳಲ್ಲ, ಬೆರಳು ಊದುವುದು ನಿಜ. ಹಾಗಾಗಿಯೇ ಅದು ಸುಳ್ಳಿಗಿಂತ ಕೆಟ್ಟದಾಗಿತ್ತು.

ಪಂದ್ಯದ ಮುನ್ನಾದಿನ ಅವಳು ಮತ್ತೆ ಬಂದಳು. ಮೂರೂ ಚೆಂಡನ್ನು ಮೇಜಿನ ಮೇಲಿಟ್ಟು ಬಲಗೈ ಚಾಚಿದಳು. ಗೆಣ್ಣಿನ ಹತ್ತಿರ ಚರ್ಮ ಕಿತ್ತಿತ್ತು, ಮಣಿಕಟ್ಟು ಊದಿತ್ತು.

“ನೀಲಿ ಸರಿ ಇದೆ. ಕೆಂಪು ಬಿಡೋದಿಲ್ಲ. ಕಪ್ಪು ಹಿಡಿಯೋದಿಲ್ಲ. ಮೂರೂ ಒಬ್ರೇ ಮಾಡಿದ್ದಾ, ಇಲ್ಲ ಚೆಂಡಿಗೊಬ್ರು ಕೂತಿದ್ರಾ?”

ಅವನು ಚೆಂಡುಗಳನ್ನು ಹತ್ತಿರ ಎಳೆದುಕೊಂಡ. ನೀಲಿಯಲ್ಲಿ ಬೆರಳಿಟ್ಟ. ಕೆಂಪಿನಲ್ಲಿಟ್ಟ. ಕಪ್ಪಿನಲ್ಲಿಟ್ಟ. ಮೂರೂ ಒಂದೇ. ಕಟ್ಟಿಗೆಯನ್ನು ಗೋಡೆಗೆ ತಾಗಿಸಿದಂತೆ, ಮೂರರಲ್ಲೂ ಏನೂ ಇಲ್ಲ.

ಮಾತು ಕೇಳಿ ಮಾಲೀಕ ಒಳಗೆ ಬಂದ, ಪ್ರಾಯದಲ್ಲಿ ಇವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅಳತೆಪಟ್ಟಿಯನ್ನು ತಾನೇ ತೂತುಗಳಿಗೆ ಹಾಕಿ, ಡಬ್ಬಿಯಿಂದ ಟೀಚರಮ್ಮನ ಅಳತೆ ಬರೆದಿಟ್ಟ ಕಾರ್ಡು ತೆಗೆದು ಹೋಲಿಸಿದ.

“ನೋಡಿ ಮೇಡಂ, ಮೂರೂ ಒಂದೇ ಅಳತೆ. ಕಾರ್ಡಲ್ಲಿ ಇರೋದೂ ಅದೇ. ನಿಮ್ಮ ಬೆರಳೇ ಬದಲಾಗಿರಬೇಕು. ಅಲ್ವೇನಪ್ಪಾ?”

ಕೊನೆಯ ಮಾತು ಇವನಿಗೆ. ಹೂಂ ಅಂದರೆ ಸಾಕಿತ್ತು. ಅಳತೆ ಅವನ ಪರವಾಗಿತ್ತು, ಕಾರ್ಡು ಪರವಾಗಿತ್ತು. ಕೊರೆದ ಬೈರಿಗೆ ಒಂದೇ ಆದಮೇಲೆ ಅಳತೆ ಸರಿಬರದೆ ಇನ್ನೇನು? ಬೇರೆಯಾಗಿದ್ದದ್ದು ಅಂಚು, ಒಳಗೋಡೆ. ಅದು ಕಾಗದದ ಮೇಲೆ ಎಲ್ಲೂ ಇಲ್ಲ. ಪಂದ್ಯದಲ್ಲಿ ಕೆಂಪು ಚೆಂಡು ಇನ್ನೊಮ್ಮೆ ಕಚ್ಚಿ ಆ ಮಣಿಕಟ್ಟು ಮುರಿದರೂ ಅವನ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಅದೇ ಅವನನ್ನು ಹೆದರಿಸಿತು.

“ಅಳತೆ ಸರಿ ಇದೆ,” ಅಂದ. “ಬೆರಳು ಸರಿ ಇಲ್ಲ. ಅವರದ್ದಲ್ಲ. ನಂದು.”

ಮಾಲೀಕನ ಮುಖ ನೋಡದೆ ಉಳಿದದ್ದನ್ನೂ ಹೇಳಿದ. ಜುಮ್ಮೆಂದದ್ದು, ಬೊಬ್ಬೆ, ಅಂದಾಜು.

“ಎಷ್ಟು ದಿನದಿಂದ?” ಟೀಚರಮ್ಮ ಕೇಳಿದಳು.

“ಎರಡು ತಿಂಗಳು.”

“ಹೋದ ವಾರ ನನಗೆ ಟೇಪ್ ತೆಗೀರಿ ಅಂದ್ರಿ.”

“ಅಂದೆ.”

ಅವಳ ಮುಖದಲ್ಲಿ ನಗುವಿರಲಿಲ್ಲ, ಕ್ಷಮೆಯೂ ಇರಲಿಲ್ಲ. “ಆರು ವರ್ಷ ಕಣ್ಣು ಮುಚ್ಚಿ ನಂಬಿದ್ದೆ,” ಅಂದಳು. ಸ್ಟೂಲು ಎಳೆದು ಕೂತಳು. “ಕಡ್ಡಿ ತಗೊಳ್ಳಿ. ನಾನು ಹೇಳ್ತೀನಿ, ನೀವು ಉಜ್ಜಿ.”

ಮಾಲೀಕ ಇವನ ಕಿವಿಯ ಹತ್ತಿರ ಬಂದು, “ಇವರನ್ನ ಕಳಿಸಿ ಆಫೀಸಿಗೆ ಬಾ,” ಎಂದು ಹೊರನಡೆದ.

ಅವಳು ನೀಲಿಯಲ್ಲಿ ಬೆರಳಿಟ್ಟು ತೆಗೆದಳು, ಕೆಂಪಿನಲ್ಲಿಟ್ಟಳು. “ಒಳಗೆ, ಎಡಗಡೆ.” ಎರಡು ಸುತ್ತು ಉಜ್ಜಿದ. “ಇನ್ನೂ.” ಒಂದು ಸುತ್ತು. “ಅಂಚು ಚುಚ್ಚುತ್ತೆ.” ಚಾಕು ಹಿಡಿದ. ಕುರುಡನನ್ನು ರಸ್ತೆ ದಾಟಿಸುವಂತೆ ಅವಳು ಹೇಳುತ್ತಿದ್ದಳು, ಅವನು ಹೆಜ್ಜೆಯಿಡುತ್ತಿದ್ದ. ಗಂಟೆಯೊಂದು ಕಳೆದ ಮೇಲೆ ಕೆಂಪು ದಾರಿಗೆ ಬಂತು. ಕಪ್ಪು ಬರಲಿಲ್ಲ. ಉಜ್ಜಿ ಹೋದದ್ದನ್ನು ಮತ್ತೆ ಅಂಟಿಸಲಾಗದು. ಒಳಗಿನ ಪ್ಲಾಸ್ಟಿಕ್ ಕೊಳವೆ ಕಿತ್ತು ಹೊಸದು ಕೂರಿಸಿ ಒಂದಿಡೀ ದಿನ ಒಣಗಿಸಬೇಕು.

“ಎರಡರಲ್ಲೇ ಆಡ್ತೀನಿ,” ಅಂದಳು. ಚೀಲ ಎತ್ತಿಕೊಂಡು ಬಾಗಿಲಲ್ಲಿ ತಿರುಗಿದಳು. “ಅಣ್ಣಾ, ಈ ಎರಡು ತಿಂಗಳಲ್ಲಿ ನಂದೊಂದೇನಾ ಮಾಡಿದ್ದು?”

ಆ ಪ್ರಶ್ನೆಯ ಹತ್ತಿರ ಹೋಗದೆ ಅವನು ಅರವತ್ತು ದಿನ ಕಳೆದಿದ್ದ. ಈಗ ಡಬ್ಬಿಯ ಕಾರ್ಡುಗಳನ್ನು ಮೇಜಿಗೆ ಸುರಿದ. ಎರಡು ತಿಂಗಳಲ್ಲಿ ಹತ್ತೊಂಬತ್ತು ಜನ. ಒಬ್ಬೊಬ್ಬರ ಕೈಯೂ ಅವನಿಗೆ ಮುಖದಷ್ಟೇ ಪರಿಚಯ. ನಾಲ್ಕನೆಯದು ನಿವೃತ್ತ ಪೋಸ್ಟ್‌ಮ್ಯಾನ್ ಮುದುಕರದು, ಮಣಿಕಟ್ಟಿನೊಳಗೆ ಸ್ಟೀಲ್ ಪಟ್ಟಿ ಹಾಕಿಸಿಕೊಂಡವರು. ಮೊನ್ನೆಯಷ್ಟೇ ಹೊಸ ಚೆಂಡು ಒಯ್ದಿದ್ದರು. ಅವರಿಗೇ ಮೊದಲು ಫೋನು ಮಾಡಿದ.

ಅವರ ಹೆಂಡತಿ ಎತ್ತಿಕೊಂಡರು. “ಮನೇಲಿಲ್ಲಪ್ಪ. ಹೊಸ ಚೆಂಡು ಆಡಿಸ್ತೀನಿ ಅಂತ ಆಗಲೇ ಹೊರಟ್ರು. ನಿಮ್ಮಲ್ಲಿಗೇ ಬಂದಿರ್ಬೇಕಲ್ಲ.”

ಗೋಡೆಯಾಚೆ ಚೆಂಡೊಂದು ಉರುಳಿ ಪಿನ್ನುಗಳು ಚೆಲ್ಲಿದ ಸದ್ದು. ಅವನು ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಓಡಿದ. ಮಾಲೀಕ ಆಫೀಸಿನಿಂದ, “ಎಲ್ಲಿಗೆ? ಇಲ್ಲಿ ಬಾ ಅಂದೆ,” ಎಂದದ್ದು ಬೆನ್ನಿಗೆ ಬಡಿಯಿತು.

ಆರನೇ ಸಾಲಿನಲ್ಲಿ ಮುದುಕರು ಚೆಂಡನ್ನು ಎದೆಗೆ ಹಿಡಿದು ಪಿನ್ನುಗಳನ್ನು ದಿಟ್ಟಿಸುತ್ತಿದ್ದರು. ಮೊದಲ ಹೆಜ್ಜೆ ಇಟ್ಟಾಗಿತ್ತು. ಅವನು ಅಡ್ಡ ನುಗ್ಗಿ ಎರಡೂ ಅಂಗೈಯನ್ನು ಚೆಂಡಿನ ಕೆಳಗೆ ಕೊಟ್ಟ.

“ಎಸೀಬೇಡಿ ಯಜಮಾನ್ರೇ. ನಾನು ಸರಿಯಾಗಿ ಮಾಡಿಲ್ಲ ಇದನ್ನ.”

“ಏನಾಯ್ತೋ ನಿನಗೆ, ಚೆನ್ನಾಗಿ ಕೂತಿದೆಯಲ್ಲೋ.”

“ಬೆರಳು ಹೊರಗೆ ತೆಗೀರಿ. ನಿಧಾನ.”

ಸುತ್ತಲಿನವರು ಆಟ ನಿಲ್ಲಿಸಿ ನೋಡಿದರು. ಮುದುಕರು ಅವನ ಮುಖ ನೋಡಿ ನಗು ನಿಲ್ಲಿಸಿದರು. ಎರಡು ಬೆರಳು ಸಲೀಸಾಗಿ ಬಂದವು. ಹೆಬ್ಬೆರಳನ್ನು ಎಳೆದರು. ಇನ್ನೊಮ್ಮೆ ಎಳೆದರು.

ಅದು ಬರಲಿಲ್ಲ. ಏಳು ಕಿಲೋ ಭಾರವನ್ನು ತನ್ನ ಅಂಗೈಗಳಲ್ಲಿ ಹೊತ್ತು, ಆ ಬೆರಳು ಬಿಡುವ ತನಕ ಅವನು ಅಲ್ಲಾಡದೆ ನಿಂತ.